ಮೊಸರಕಲ್ಲಿನ ವೆಂಕಮ್ಮ: ನಾಲ್ಕು ಮಕ್ಕಳು, ಒಂದು ಗುಡಿ, ಕೈತಪ್ಪಿದ ಹೊಲ

ಮಾನ್ವಿ, ದೇವದುರ್ಗ ಅಂದ ಕೂಡ್ಲೇ ಹೊರಗಿನವರಿಗೆ ನೆನಪಾಗೋದು ಬಿಸಿಲು. ನಮ್ಮವರಿಗೆ ಹತ್ತಿ, ಭತ್ತ, ಕಾಲುವೆ ನೀರಿನ ಜಗಳ. ಆದ್ರೆ ಈ ಸೀಮೆಗೆ ಇನ್ನೊಂದು ಲೆಕ್ಕ ಇದೆ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ವಿಜಯದಾಸರು ಹುಟ್ಟಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ 1722ರಲ್ಲಿ ಗೋಪಾಲದಾಸರು. ಮತ್ತೆ ಮಾನ್ವಿ ಸೀಮೆಯದ್ದೇ ಬ್ಯಾಗವಾಟದಲ್ಲಿ 1728ರಲ್ಲಿ ಜಗನ್ನಾಥದಾಸರು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡೋ ವರ್ಷಗಳು ಇವು. ಪುರಂದರದಾಸರು, ಕನಕದಾಸರ ಕಾಲ ಮುಗಿದು ಸುಮಾರು ನೂರು ವರ್ಷ ಆದಮೇಲೆ ದಾಸರ ಹಾಡಿಗೆ ಮತ್ತೆ ಜೀವ ಬಂದಿದ್ದು ಈ ಮೂರು ಹಳ್ಳಿಗಳಿಂದ, ಐವತ್ತು ವರ್ಷಕ್ಕಿಂತ ಕಡಿಮೆ ಅಂತರದಲ್ಲಿ.

ಈ ಮೂವರ ಬಗ್ಗೆ ಯೂಟ್ಯೂಬಲ್ಲಿ ಬೇಕಾದಷ್ಟು ಸಿಗುತ್ತೆ. ಪ್ರವಚನ ಇದೆ, ಆರಾಧನೆಯ ವಿಡಿಯೋ ಇದೆ, ಮೂರು ಗಂಟೆಯ ಭಜನೆ ಇದೆ. ನಾನು ಇವತ್ತು ಹೇಳೋದು ಗೋಪಾಲದಾಸರ ತಾಯಿ ಬಗ್ಗೆ. ಹೆಸರು ವೆಂಕಮ್ಮ.

ಆಕೆ ಬಗ್ಗೆ ಇರೋದನ್ನೆಲ್ಲ ಒಟ್ಟು ಮಾಡಿದ್ರೆ ಒಂದು ವಾಟ್ಸಾಪ್ ಮೆಸೇಜಿನಷ್ಟು ಆಗುತ್ತೆ. ದಾಸರ ಚರಿತ್ರೆ ಬರೆದವರು ಹೇಳೋದು ಇಷ್ಟು: ಗಂಡನ ಹೆಸರು ಮುರಾರಿ. ನಾಲ್ಕು ಗಂಡುಮಕ್ಕಳು. ದೊಡ್ಡವನು ಭಾಗಣ್ಣ, ಆಮೇಲೆ ಸೀನಪ್ಪ, ದಾಸಪ್ಪ, ರಂಗಪ್ಪ. ಮಕ್ಕಳು ಇನ್ನೂ ಸಣ್ಣವರಿದ್ದಾಗಲೇ ಮುರಾರಿ ತೀರಿಕೊಂಡರು. ದಾಯಾದಿಗಳು ಆಸ್ತಿ ನುಂಗಿದರು. ವೆಂಕಮ್ಮ ನಾಲ್ಕು ಮಕ್ಕಳನ್ನ ಕಟ್ಟಿಕೊಂಡು ಊರು ಬಿಟ್ಟಳು. ಸಂಕಾಪುರ ಅನ್ನೋ ಕಡೆ ಒಂದು ಆಂಜನೇಯನ ಗುಡಿಯಲ್ಲಿ ಉಳಿದಳು.

ಮುಂದಿನ ಸಾಲಿಗೆ ಬರೋ ಹೊತ್ತಿಗೆ ಭಾಗಣ್ಣ ದೊಡ್ಡವನಾಗಿಬಿಟ್ಟಿರ್ತಾನೆ. ಗಾಯತ್ರಿ ಜಪ ಮಾಡ್ತಾನೆ, ಭವಿಷ್ಯ ಹೇಳ್ತಾನೆ, ಜನ ಹುಡುಕಿಕೊಂಡು ಬರ್ತಾರೆ. ಅಲ್ಲಿಂದ ಕಥೆಯೆಲ್ಲ ಆತನದ್ದೇ. ವಿಜಯದಾಸರು ಆತನನ್ನ ಶಿಷ್ಯನನ್ನಾಗಿ ಮಾಡಿಕೊಂಡು 'ಗೋಪಾಲವಿಠಲ' ಅಂತ ಅಂಕಿತ ಕೊಟ್ಟರು. ಅಂಕಿತ ಅಂದ್ರೆ ಹಾಡಿನ ಕೊನೆಯಲ್ಲಿ ಬರೋ ಸಹಿ ಇದ್ದಹಾಗೆ. 'ಭಕ್ತಿಯಲ್ಲಿ ಭಾಗಣ್ಣ' ಅಂತ ಇವತ್ತಿಗೂ ಜನ ಹೇಳ್ತಾರೆ.

ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಭಾಗಣ್ಣ ಒಬ್ಬನೇ ದಾಸರಾಗಲಿಲ್ಲ. ವರದಗೋಪಾಲವಿಠಲ, ಗುರುಗೋಪಾಲವಿಠಲ, ತಂದೆಗೋಪಾಲವಿಠಲ, ಈ ಮೂರು ಅಂಕಿತಗಳು ಆತನ ಮೂವರು ತಮ್ಮಂದಿರವು. ನಾಲ್ಕಕ್ಕೆ ನಾಲ್ಕೂ ಮಕ್ಕಳು ಹಾಡು ಕಟ್ಟಿದವರು! ಒಂದು ಮನೆಯಲ್ಲಿ ಒಬ್ಬ ಮಗ ಹಾಗಾದ್ರೆ ದೈವಕೃಪೆ ಅನ್ನಬಹುದು, ಪೂರ್ವಜನ್ಮದ ಪುಣ್ಯ ಅನ್ನಬಹುದು. ಚರಿತ್ರೆಕಾರರು ಹಾಗೇ ಬರೆದಿದ್ದಾರೆ. ನಾಲ್ವರೂ ಹಾಗಾದರೆ, ಆ ಮನೆ ಹೇಗಿತ್ತು ಅಂತ ಕೇಳಬೇಕಲ್ವಾ? ಮನೆ ಅಂದ್ರೆ ಏನು, ಅಪ್ಪ ಇಲ್ಲ, ಹೊಲ ಇಲ್ಲ, ಸೂರು ದೇವರದ್ದು. ಇದ್ದದ್ದು ಒಬ್ಬಳೇ.

ನಾನು ಬಿ.ಕಾಂ. ಓದಿದವಳು. ಇತಿಹಾಸ ಓದಿದವರು ರಾಜರ ಕಡೆಯಿಂದ ಶುರು ಮಾಡ್ತಾರೆ. ನನಗೆ ಮೊದಲು ಕಾಣಿಸೋದು ಆಸ್ತಿ, ಸಾಲ, ಪಾಲು. ಹಾಗಾಗಿ 'ದಾಯಾದಿಗಳು ಆಸ್ತಿ ನುಂಗಿದರು' ಅನ್ನೋ ಮೂರು ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಆಗಿನ ಕಾಲದಲ್ಲಿ ವಿಧವೆಗೆ ಏನೂ ಹಕ್ಕು ಇರಲಿಲ್ಲ, ಕಾನೂನೇ ಹಾಗಿತ್ತು, ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅರ್ಧ ನಿಜ. ನಮ್ಮ ಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರ ಆಗಿದ್ದು 'ಮಿತಾಕ್ಷರಾ' ಅನ್ನೋ ಗ್ರಂಥ. ಅದನ್ನ ಬರೆದ ವಿಜ್ಞಾನೇಶ್ವರ ಎಲ್ಲೋ ಕಾಶಿಯಲ್ಲಿ ಕೂತವನಲ್ಲ. ಕಲ್ಯಾಣದಲ್ಲಿ, ಅಂದ್ರೆ ಈಗಿನ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಇದ್ದವನು. ವೆಂಕಮ್ಮನಿಗಿಂತ ಆರು ನೂರು ವರ್ಷ ಹಿಂದಿನವನು. ಆತನ ಮಾತಿನ ಸಾರ ಏನಪ್ಪಾ ಅಂದ್ರೆ, ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಸತ್ತಮೇಲೆ ಯಾರೋ ಕೊಡೋದಲ್ಲ ಅದು, ತೊಟ್ಟಿಲಲ್ಲಿ ಇರುವಾಗಲೇ ಬಂದಿರೋದು.

ಹೆಣ್ಣುಮಕ್ಕಳನ್ನ ಈ ಲೆಕ್ಕದಿಂದ ಹೊರಗಿಟ್ಟಿದ್ದು ಅನ್ಯಾಯವೇ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ ವೆಂಕಮ್ಮನಿಗೆ ಇದ್ದವರು ನಾಲ್ಕು ಗಂಡುಮಕ್ಕಳು. ಆ ಕಾಲದ ನಿಯಮದ ಪ್ರಕಾರವೇ ಆ ಹೊಲ ಆ ಮಕ್ಕಳದ್ದಾಗಿತ್ತು. ತಾಯಿಗೆ ಪಾಲು ಇರದಿದ್ದರೂ ಅನ್ನ, ಬಟ್ಟೆ, ನೆರಳು ಕೊಡೋದು ಮನೆತನದ ಹೊಣೆಯಾಗಿತ್ತು. ಅಂದ್ರೆ ದಾಯಾದಿಗಳು ಕಾನೂನಿನ ಹಿಂದೆ ಅಡಗಿಕೊಂಡು ಮಾಡಿದ ಕೆಲಸ ಅಲ್ಲ ಇದು. ಕಾನೂನು ತಾಯಿ ಮಕ್ಕಳ ಕಡೆ ಇತ್ತು, ಅದನ್ನ ಹಿಡಿದು ಮಾತಾಡೋ ಗಂಡಸು ಒಬ್ಬನೂ ಅವರ ಕಡೆ ಇರಲಿಲ್ಲ. ಸಣ್ಣ ಮಕ್ಕಳು, ಬಾಯಿ ಇಲ್ಲದ ಹೆಂಗಸು, ಪಂಚಾಯ್ತಿಯಲ್ಲಿ ಕೂರೋರು ಎಲ್ಲಾ ಅತ್ತಕಡೆಯ ನೆಂಟರು. ನಮ್ಮ ಹಳ್ಳಿಗಳಲ್ಲಿ ಇದನ್ನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಗ ದೊಡ್ಡವರ ಹತ್ತಿರ ದೂರು ಒಯ್ಯಬಹುದಿತ್ತಾ? ಯಾರ ಹತ್ತಿರ? 1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಹೋಯ್ತು. ಅಲ್ಲಿಯವರೆಗೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದ ರಾಯಚೂರು ಸೀಮೆಗೆ ದಿಲ್ಲಿಯವರು ಒಡೆಯರಾದರು. 1707ರಲ್ಲಿ ಔರಂಗಜೇಬ ಸತ್ತ. 1724ರಲ್ಲಿ ನಿಜಾಮುಲ್ ಮುಲ್ಕ್ ದಖ್ಖನ್ನಿನಲ್ಲಿ ತನ್ನದೇ ಆಳ್ವಿಕೆ ಶುರು ಮಾಡಿದ. ಆಗ ಭಾಗಣ್ಣನಿಗೆ ಎರಡು ವರ್ಷ. ಅತ್ತ ಸುರಪುರದ ನಾಯಕರು, ಇತ್ತ ಗದ್ವಾಲದ ಸಂಸ್ಥಾನ, ಮೇಲಿಂದ ಮರಾಠರ ಚೌತ್ ವಸೂಲಿ. ಒಂದು ಹಳ್ಳಿಯ ವಿಧವೆಯ ಹೊಲದ ಜಗಳ ಕೇಳೋ ಪುರುಸೊತ್ತು ಯಾರಿಗಿತ್ತು? ಕಂದಾಯ ಕಟ್ಟೋರು ಯಾರೋ ಒಬ್ಬರು ಇದ್ದರೆ ಸಾಕು, ಮೇಲಿನವರಿಗೆ ಹೊಲ ಯಾರದ್ದಾದರೇನು.

ಹಾಗಾಗಿ ಆಕೆ ಊರು ಬಿಟ್ಟಳು. ಈ ತೀರ್ಮಾನ ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಊರಲ್ಲೇ ಉಳಿದಿದ್ರೆ ಏನಾಗ್ತಿತ್ತು ಅಂತ ಊಹಿಸಬಹುದು. ದಾಯಾದಿಗಳ ಮನೆಯಲ್ಲೇ ಅಡುಗೆ, ಮುಸುರೆ, ಮಡಿನೀರು. ಮಕ್ಕಳು ಅವರ ದನ ಕಾಯ್ತಾ, ಅವರ ತಟ್ಟೆಯಲ್ಲಿ ಉಳಿದಿದ್ದು ತಿಂತಾ ಬೆಳೀತಿದ್ರು. ಆ ಕಾಲದಲ್ಲಿ ಎಷ್ಟೋ ವಿಧವೆಯರ ಪಾಡು ಅದೇ ಆಗಿತ್ತು. ವೆಂಕಮ್ಮ ಅದನ್ನ ಒಪ್ಪಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಗುಡಿಯಲ್ಲಿ ಉಳಿಯೋಕೆ ಆಕೆಗೆ ಜಾಗ ಸಿಕ್ಕಿದ್ದು ಆಕೆ ಬ್ರಾಹ್ಮಣರ ಹೆಂಗಸು ಅನ್ನೋ ಕಾರಣಕ್ಕೂ ಹೌದು. ಅದೇ ಊರಿನ ಹೊಲಗೇರಿಯಲ್ಲಿ ಅದೇ ವರ್ಷ ಗಂಡನನ್ನ ಕಳಕೊಂಡ ಇನ್ನೊಬ್ಬ ತಾಯಿ ಇದ್ದಿದ್ದರೆ, ಆಕೆಯನ್ನ ಗುಡಿಯ ಅಂಗಳಕ್ಕೂ ಬಿಡ್ತಿರಲಿಲ್ಲ. ಆಕೆಯ ಮಕ್ಕಳು ಹಾಡು ಕಟ್ಟಿದ್ದರೂ ಬರೆದಿಡೋರು ಇರ್ತಿರಲಿಲ್ಲ. ವೆಂಕಮ್ಮನ ಕಷ್ಟ ಇದರಿಂದ ಸಣ್ಣದಾಗಲ್ಲ. ನಮಗೆ ಸಿಕ್ಕಿರೋ ಇತಿಹಾಸ ಎಷ್ಟು ಸಣ್ಣ ಕಿಂಡಿಯಿಂದ ಬಂದಿದೆ ಅನ್ನೋದಷ್ಟೇ ಇದರಿಂದ ಗೊತ್ತಾಗೋದು.

ಸರಿ, ಗುಡಿಗೆ ಬಂದರು. ಐದು ಹೊಟ್ಟೆ. ಹೇಗೆ ನಡೀತು? ಆ ಕಾಲದ ಬಡ ಬ್ರಾಹ್ಮಣ ಮನೆಗಳಲ್ಲಿ ಇದ್ದ ದಾರಿ ಯಾಯಿವಾರ. ಬೆಳಿಗ್ಗೆ ಹುಡುಗರು ಪಾತ್ರೆ ಹಿಡಕೊಂಡು ನಾಲ್ಕು ಮನೆ ತಿರುಗಿ ಹಿಟ್ಟು, ಕಾಳು ತರೋದು. ಈಗ ನಾವು ದಾಸರ ಫೋಟೋದಲ್ಲಿ ತಂಬೂರಿ, ಗೆಜ್ಜೆ ಜೊತೆ ಒಂದು ಪಾತ್ರೆ ನೋಡ್ತೀವಲ್ಲ, ಅದು ಅಲಂಕಾರಕ್ಕೆ ಹಿಡಿದಿದ್ದಲ್ಲ. ಅವತ್ತಿನ ಊಟ ಅದು. ತಂದ ಜೋಳವನ್ನ ಯಾರೋ ಬೀಸಬೇಕು. ಬೀಸೋ ಕಲ್ಲಿನ ಮುಂದೆ ನಸುಕಿನಲ್ಲಿ ಕೂತರೆ ಐದು ಮಂದಿಗೆ ಆಗೋಷ್ಟು ಹಿಟ್ಟು ಬರೋ ಹೊತ್ತಿಗೆ ಹೊತ್ತು ಏರಿರುತ್ತೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಎಸರು ಕಾಯಿಸಿ, ಸುಡೋ ನೀರಿನಲ್ಲೇ ನಾದಿ, ಕೈಯಲ್ಲೇ ಬಡಿಯಬೇಕು. ನಮ್ಮ ಕಡೆ ಹೆಂಗಸರ ಅಂಗೈ ಗಟ್ಟಿಯಾಗೋದು ಅಲ್ಲೇ.

ವಿಜಯದಾಸರು 25,000 ಹಾಡು ರಚಿಸಿದರು ಅಂತ ಸಂಪ್ರದಾಯ ಲೆಕ್ಕ ಇಟ್ಟಿದೆ. ಹಾಡು ಎಣಿಸಿದವರು ರೊಟ್ಟಿ ಎಣಿಸಿಲ್ಲ, ನಾನು ಎಣಿಸ್ತೀನಿ. ಇದು ನನ್ನ ಅಂದಾಜು ಅಷ್ಟೇ, ಯಾವ ತಾಳೆಗರಿಯಲ್ಲೂ ಹುಡುಕಬೇಡಿ. ಐದು ಜನಕ್ಕೆ ದಿನಕ್ಕೆ 15 ರೊಟ್ಟಿ ಅಂತ ಹಿಡೀರಿ. ವರ್ಷಕ್ಕೆ 5,475. ಮಕ್ಕಳು ಕಾಲ ಮೇಲೆ ನಿಲ್ಲೋಕೆ ಹತ್ತು ವರ್ಷ ಅಂದ್ರೂ 54,750 ರೊಟ್ಟಿ. ಆ ಗುಡಿಯಿಂದ ನಾಲ್ಕು ಅಂಕಿತ ಹೊರಬರೋಕೆ ಆದ ಖರ್ಚು ಇದು. ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲೂ ಕಾಣಲ್ಲ.

ಹೊಟ್ಟೆ ತುಂಬಿದ ಮಾತ್ರಕ್ಕೆ ಹುಡುಗರು ಕವಿಗಳಾಗಲ್ಲ. ದಾಸರ ಹಾಡು ಕಟ್ಟೋದು ಸುಮ್ಮನೆ ಪ್ರಾಸ ಜೋಡಿಸೋದಲ್ಲ. ಸುಳಾದಿ ಅಂತ ಒಂದು ರಚನೆ ಇದೆ. ಒಂದೇ ಹಾಡಿನಲ್ಲಿ ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ ಅಂತ ತಾಳ ಬದಲಾಗ್ತಾ ಹೋಗುತ್ತೆ. ಒಳಗೆ ಮಧ್ವಮತದ ತತ್ವ ಇರುತ್ತೆ, ಪುರಾಣ ಇರುತ್ತೆ. ಅಪ್ಪ ಇಲ್ಲದ, ಊರಿಲ್ಲದ ಹುಡುಗರಿಗೆ ಅಕ್ಷರ, ತಾಳ, ಕಥೆ ಎಲ್ಲಾ ಎಲ್ಲಿಂದ ಬಂತು? ಗುರುಗಳು ಆಮೇಲೆ ಸಿಕ್ಕಿದ್ದು. ಕಿವಿ ತಯಾರಾಗೋದು ಅದಕ್ಕಿಂತ ಮುಂಚೆ, ತಾಯಿ ಬೀಸುವಾಗ ಹೇಳೋ ಹಾಡಿನಲ್ಲಿ, ಮಲಗಿಸುವಾಗ ಹೇಳೋ ಕಥೆಯಲ್ಲಿ ಅಂತ ನಾನು ನಂಬ್ತೀನಿ. ಬೀಸೋ ಕಲ್ಲಿಗೆ ಒಂದು ಲಯ ಇದೆ. ಅದರ ಪಕ್ಕ ಮಲಗಿದ ಮಗುವಿಗೆ ತಾಳ ಬೇರೆ ಕಲಿಸಬೇಕಾಗಿಲ್ಲ.

ವೆಂಕಮ್ಮ ಒಬ್ಬಳೇ ಹೀಗಲ್ಲ. ಚೀಕಲಪರ್ವಿಯ ಕೂಸಮ್ಮ ವಿಜಯದಾಸರ ತಾಯಿ. ಆ ಮನೆಯ ಬಡತನ ಎಷ್ಟಿತ್ತು ಅಂದ್ರೆ ದೊಡ್ಡ ಮಗ ಹೇಳದೇ ಕೇಳದೇ ಮನೆ ಬಿಟ್ಟು ಕಾಶಿಯವರೆಗೂ ಹೋದ ಅಂತ ಕಥೆ. ತುಂಗಭದ್ರೆಯ ದಂಡೆಯ ಆ ಊರಲ್ಲಿ ವಿಜಯದಾಸರ ಕಟ್ಟೆ ಇದೆ, ಜನ ಹೋಗಿ ಕೈಮುಗೀತಾರೆ. ಮಗ ಕಾಶಿಯಲ್ಲಿದ್ದಾಗ ಮನೆ ಹಿಡಿದು ಕೂತವಳ ಹೆಸರಲ್ಲಿ ಕಟ್ಟೆ ಇಲ್ಲ. ವಿಜಯದಾಸರ ಹೆಂಡತಿ ಅರಳಮ್ಮನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡ ಸತ್ತ ಒಬ್ಬ ಹೆಂಗಸು ಹಸುಗೂಸನ್ನ ಕಟ್ಟಿಕೊಂಡು ನೀರಿಗೆ ಬೀಳೋಕೆ ಹೋಗಿದ್ದಾಗ ವಿಜಯದಾಸರು ತಡೆದು ಮನೆಗೆ ಕರಕೊಂಡು ಬಂದರಂತೆ. ಆ ಕೂಸೇ ಮುಂದೆ ಮೋಹನವಿಠಲ ಅಂಕಿತದ ಮೋಹನದಾಸರು. ಕರಕೊಂಡು ಬಂದಿದ್ದು ದಾಸರು, ಕಥೆ ಅಲ್ಲಿಗೆ ನಿಲ್ಲುತ್ತೆ. ಸಂಚಾರಕ್ಕೆ ಹೋದರೆ ತಿಂಗಳುಗಟ್ಟಲೆ ಬಾರದ ಗಂಡ. ಹಾಗಾದ್ರೆ ಆ ಕೂಸಿನ ಜ್ವರ, ಕೆಮ್ಮು, ಹಟ ನೋಡಿಕೊಂಡಿದ್ದು ಯಾರು? ತನ್ನ ಮನೆಯಲ್ಲೇ ಇಲ್ಲದ ಹೊತ್ತಿನಲ್ಲಿ ಇನ್ನೆರಡು ಜೀವಕ್ಕೆ ಹಾಸಿ ಕೊಟ್ಟ ಅರಳಮ್ಮ.

ಈ ಕಾಲದ ಹೆಂಗಸರ ಪೈಕಿ ಹೆಸರು ಗಟ್ಟಿಯಾಗಿ ಉಳಿದಿರೋದು ಹೆಳವನಕಟ್ಟೆ ಗಿರಿಯಮ್ಮನದ್ದು. ಗೋಪಾಲದಾಸರು ಆಕೆಗೆ ಆಶೀರ್ವಾದ ಮಾಡಿದ್ದರು ಅಂತಾರೆ. ಆಕೆ ಸಂಸಾರದ ದಾರಿ ಬಿಟ್ಟು ಹಾಡಿನ ದಾರಿ ಹಿಡಿದಳು, ಹಾಡಿನ ಕೊನೆಗೆ ತನ್ನ ಅಂಕಿತ ಹಾಕಿದಳು. ಹಾಗಾಗಿ ಉಳಿದಳು. ಮಕ್ಕಳನ್ನ ಸಾಕಿದವರಿಗೆ ಅಂಕಿತ ಹಾಕೋಕೆ ಜಾಗ ಇರಲಿಲ್ಲ.

ಈಗ ಯಾಕೆ ಇಷ್ಟೆಲ್ಲ ಹೇಳ್ತಿದ್ದೀನಿ ಅಂದ್ರೆ, ವೆಂಕಮ್ಮನ ಕಥೆ ಓದಿದಾಗ ನನಗೆ ಅದು ಮೊದಲೇ ಗೊತ್ತಿರೋ ಕಥೆ ಅನ್ನಿಸ್ತು. ನಮ್ಮಜ್ಜಿಯ ಕಥೆ ಅದೇ. ನಾವು ಬ್ರಾಹ್ಮಣರಲ್ಲ, ನಮ್ಮ ಮನೆಯಲ್ಲಿ ದಾಸರು ಯಾರೂ ಇಲ್ಲ, ನಾನು ಹಾಡಿದರೆ ನೀವು ಆ್ಯಪ್ ಡಿಲೀಟ್ ಮಾಡ್ತೀರಿ. ಅಜ್ಜಿಯ ಹೆಸರು ಇಲ್ಲಿ ಹೇಳಲ್ಲ, 'ನನ ಹೆಸರು ಊರಿಗೆಲ್ಲಾ ಯಾಕ ಬೇಕವ್ವಾ' ಅಂತ ಬೈತಿದ್ಳು.

ಅಜ್ಜಿ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. 1967ರಲ್ಲಿ ಅಜ್ಜ ಹಾವು ಕಡಿದು ಸತ್ತ. ಎರಡು ಮಕ್ಕಳು, ಆರು ವರ್ಷದ ನಮ್ಮಪ್ಪ, ಮೂರು ವರ್ಷದ ಅತ್ತಿ. ದಿನ ಮುಗಿಯೋದರೊಳಗೆ ಮನೆಯ ಗಂಡಸರು ಒಂದು ಕಾಗದ ತಂದರು, 'ಹುಡುಗರು ದೊಡ್ಡವರಾಗೋತನಕ ನಾವ ನೋಡಿಕೋತೀವಿ' ಅಂದರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಅಲ್ಲಿಗೆ ಮುಗೀತು. ಆರು ತಿಂಗಳಿಗೆ ಒಂದೇ ಮನೆಯಲ್ಲಿ ಒಲೆ ಬೇರೆ ಆಯ್ತು, ವರ್ಷಕ್ಕೆ ಮಾತು ನಿಂತಿತು. ಅಜ್ಜಿ ಮೊದಲು ತವರಿಗೆ, ಮಾನ್ವಿ ಕಡೆಗೆ ಹೋದಳು. ಅಲ್ಲಿ ಅಣ್ಣನ ಮನೆಯಲ್ಲಿ ಎರಡು ಸುಗ್ಗಿ ಕಳೆದಳು. ಆಮೇಲೆ ರಾಯಚೂರಿಗೆ ಬಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿಗೆ ಸೇರಿದಳು. ರಾಯಚೂರಿನ ಹತ್ತಿ ಮಾರ್ಕೆಟ್ ದೊಡ್ಡದು ಅಂತ ಪೇಪರಲ್ಲಿ ಓದ್ತೀವಲ್ಲ, ಆ ಹತ್ತಿಯ ನವಿರು ಅಜ್ಜಿಯ ಎದೆಯಲ್ಲಿ ಕೂತಿತ್ತು. ಕೊನೆಯವರೆಗೂ ಕೆಮ್ಮು ಹೋಗಲಿಲ್ಲ. 1972ರ ಬರದಲ್ಲಿ ಗಂಜಿ ಕೇಂದ್ರದ ಸಾಲಿನಲ್ಲಿ ನಿಂತು ಮಕ್ಕಳಿಗೆ ಕುಡಿಸಿದ್ದನ್ನ ಹೇಳುವಾಗ ಮಾತ್ರ ಅಜ್ಜಿ ಮುಖ ಆ ಕಡೆ ತಿರುಗಿಸ್ತಿದ್ಳು.

ಆಕೆ ಅಪ್ಪನನ್ನ ಎಸ್ಸೆಸ್ಸೆಲ್ಸಿ ಓದಿಸಿದಳು, ಅತ್ತಿಯನ್ನ ಟಿ.ಸಿ.ಎಚ್. ಮಾಡಿಸಿದಳು. ಅಪ್ಪ ಅವ್ವ ಇಬ್ಬರೂ ದುಡಿಯೋಕೆ ಹೋದಾಗ ನಮ್ಮ ಮೂವರನ್ನ ಸಾಕಿದ್ದೂ ಆಕೆನೇ. ಒಂದು ಸಲ ಸಾಕಿ ಮುಗೀತು ಅಂದುಕೊಂಡವಳಿಗೆ ಎರಡನೇ ಸಲವೂ ಅದೇ ಕೆಲಸ. ಆಗ ಹಲ್ಲಿಲ್ಲ, ಮೊಣಕಾಲು ನೋವು ಬೇರೆ. ನಾನು ಬಿ.ಕಾಂ. ಮೊದಲ ವರ್ಷದಲ್ಲಿ 'ಲೆಡ್ಜರ್' ಅಂದ್ರೇನು ಅಂತ ಆಕೆಗೆ ವಿವರಿಸಿದ್ದೆ. ಆಕೆ ಕೇಳಿ, 'ನಾ ಅದನ್ನ ಗ್ವಾಡಿ ಮ್ಯಾಲ ಇದ್ದಿಲಿನಿಂದ ಬರೀತಿದ್ದೆ, ಹಾಲಿನ ಲೆಕ್ಕ' ಅಂದಳು.

ಈಗ ಆ ಕಾನೂನಿನ ಮಾತಿಗೆ ವಾಪಸ್ ಬರೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದಿದ್ದು 1956ರ ಜೂನ್ 17ಕ್ಕೆ. ಅದೇ ವರ್ಷ ನವೆಂಬರ್ 1ಕ್ಕೆ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ನವೆಂಬರ್ 1 ಎಲ್ಲರಿಗೂ ಗೊತ್ತು, ಬಾವುಟ ಹಾರಿಸ್ತೀವಿ. ಜೂನ್ 17 ಯಾರಿಗೂ ಗೊತ್ತಿಲ್ಲ. ಗಂಡ ತೀರಿಕೊಂಡರೆ ಆತನ ಪಾಲಿನಲ್ಲಿ ಮಕ್ಕಳ ಜೊತೆ ಹೆಂಡತಿಗೂ ಹಕ್ಕು ಅಂತ ಆ ಕಾಯ್ದೆ ಹೇಳುತ್ತೆ. ಅಜ್ಜ ಸತ್ತಾಗ ಆ ಕಾಯ್ದೆಗೆ 11 ವರ್ಷ ತುಂಬಿತ್ತು. ಅಜ್ಜಿಗೆ ಅದನ್ನ ಹೇಳಿದವರು ಒಬ್ಬರೂ ಇಲ್ಲ. ವೆಂಕಮ್ಮನ ಕಾಲದಲ್ಲೂ ನಿಯಮ ಮಕ್ಕಳ ಕಡೆ ಇತ್ತು, ಹೊಲ ದಾಯಾದಿಗಳ ಕಡೆ ಹೋಯ್ತು. ಸುಮಾರು 240 ವರ್ಷ ಆದಮೇಲೆ ಅದೇ ತಾಲ್ಲೂಕಿನಲ್ಲಿ ಮತ್ತೆ ಅದೇ ಆಯ್ತು. ನಡುವೆ ಮೊಗಲರು, ನಿಜಾಮರು, ಪೊಲೀಸ್ ಆ್ಯಕ್ಷನ್, ಏಕೀಕರಣ ಎಲ್ಲಾ ಬಂದು ಹೋದವು.

ಹೆಣ್ಣುಮಕ್ಕಳ ವಿಷಯಕ್ಕೆ ಬರ್ತೀನಿ ಅಂದಿದ್ದೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿಸಿ, ಆ ಹಕ್ಕು ಬಂತು. ತಂದೆ 2005ರಲ್ಲಿ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಹೇಳಿತು. ವಿಜ್ಞಾನೇಶ್ವರ ಗಂಡುಮಕ್ಕಳಿಗೆ ಮಾತ್ರ ಕೊಟ್ಟಿದ್ದ ತೊಟ್ಟಿಲ ಹಕ್ಕು ಹೆಣ್ಣುಮಕ್ಕಳಿಗೆ ಬರೋಕೆ ಒಂಬತ್ತು ನೂರು ವರ್ಷ ಹಿಡೀತು. ಕೇಳ್ತಿರೋರ ಮನೆಯಲ್ಲಿ ಯಾರಾದ್ರೂ ತೀರಿಕೊಂಡಿದ್ರೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇದ್ರೆ, ಪೌತಿ ಖಾತೆಗೆ ಅರ್ಜಿ ಹಾಕಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕಾಗುತ್ತೆ. ವಂಶವೃಕ್ಷದಲ್ಲಿ ಅವ್ವನ ಹೆಸರು, ಅಕ್ಕತಂಗಿಯರ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ. ಪಹಣಿ ಈಗ ಫೋನಲ್ಲೇ ಕಾಣುತ್ತೆ. ರೀಲ್ಸ್ ನೋಡೋ ಹೊತ್ತಲ್ಲಿ ಎರಡು ನಿಮಿಷ ಸಾಕು.

ಗೋಪಾಲದಾಸರ ಬಗ್ಗೆ ಎಲ್ಲರೂ ಹೇಳೋ ದೊಡ್ಡ ಕಥೆ ಒಂದಿದೆ, ಅದನ್ನ ಹೇಳದಿದ್ರೆ ಕಾಮೆಂಟಲ್ಲಿ ಬೈತೀರಿ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯ ಅಂತ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡ್ಕೊಂಡು ತಿರುಗೋ ದಾಸರು ಅಂದ್ರೆ ಅವರಿಗೆ ಅಷ್ಟಕ್ಕಷ್ಟೆ. ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿದರು. ಆಮೇಲೆ ನಿಜವಾದ ಹೊಟ್ಟೆನೋವೇ ಬಂತು, ಜೀವಕ್ಕೆ ಬಂತು. ಕೊನೆಗೆ ವಿಜಯದಾಸರ ಹತ್ತಿರ ಕ್ಷಮೆ ಕೇಳಿದಾಗ ಅವರು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಧನ್ವಂತ್ರಿಯನ್ನ ಬೇಡಿಕೊಂಡು, ಜೋಳದ ರೊಟ್ಟಿ ಉಣಿಸಿ ಗುಣಪಡಿಸಿದರು. ತಮ್ಮ ಆಯುಷ್ಯದಲ್ಲಿ 40 ವರ್ಷ ಅವರಿಗೆ ಧಾರೆ ಎರೆದರು. ಆ ಪಂಡಿತರೇ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ' ಬರೆದರು, 1809ರವರೆಗೆ ಬದುಕಿದರು. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ, ಈಗಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ತೀರಿಕೊಂಡರು.

ಆಯುಷ್ಯ ವರ್ಗಾವಣೆ ಆಗುತ್ತಾ ಇಲ್ವಾ ಅನ್ನೋದು ನಿಮ್ಮ ನಿಮ್ಮ ನಂಬಿಕೆಗೆ ಬಿಟ್ಟಿದ್ದು. ನಾನು ನೋಡೋದು ಆ ರೊಟ್ಟಿಯನ್ನ. ಪಂಚಭಕ್ಷ್ಯ ಅಲ್ಲ, ಪ್ರಸಾದದ ಲಾಡು ಅಲ್ಲ. ಹೊಟ್ಟೆನೋವಿನಿಂದ ಬಂದ ಪಂಡಿತನ ಮುಂದೆ ಗೋಪಾಲದಾಸರು ಇಟ್ಟಿದ್ದು ಬಡವರ ಮನೆಯ ರೊಟ್ಟಿ. ಆ ರೊಟ್ಟಿಯಿಂದ ಜೀವ ಉಳಿಯುತ್ತೆ ಅನ್ನೋದು ಗೋಪಾಲದಾಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಮಂದಿ ಅದರಿಂದಲೇ ಉಳಿದವರು. ಕೊಡೋದು ಅಂದ್ರೆ ತನ್ನ ಪಾಲಿನಿಂದ ತೆಗೆದು ಕೊಡೋದು ಅಂತ ಅವರು ಕಲಿತಿದ್ದೂ ಆ ಗುಡಿಯಲ್ಲೇ ಇರಬೇಕು. ಐದು ಹೊಟ್ಟೆಗೆ ರೊಟ್ಟಿ ಸಾಲದ ದಿನ ಯಾವ ತಾಯಿ ತನ್ನ ತಟ್ಟೆಗೆ ಮೊದಲು ಹಾಕಿಕೋತಾಳೆ?

ಹಾಡುಗಳು ನಮ್ಮವರೆಗೆ ಬಂದ ದಾರಿಯನ್ನೂ ನೋಡಿ. ದಾಸರ ಪದಗಳ ಪುಸ್ತಕ ಮೊದಲು ಅಚ್ಚಾಗಿದ್ದು 1850ರ ಹೊತ್ತಿಗೆ, ಮಂಗಳೂರಿನಲ್ಲಿ, ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಕೆಲಸದಿಂದ. ನಮ್ಮ ಭಾಗದ ದಾಸರ ಕೃತಿಗಳನ್ನ ಊರೂರು ತಿರುಗಿ ಕೂಡಿಹಾಕಿ ಅಚ್ಚು ಹಾಕಿಸಿದ್ದು ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಳದ ಗೊರಬಾಳ ಹನುಮಂತರಾಯರು. ಅದು ಇಪ್ಪತ್ತನೇ ಶತಮಾನದ ಮಾತು. ಅಲ್ಲಿಯವರೆಗೆ ಹಾಡು ಉಳಿದಿದ್ದು ಕೈಬರಹದ ಪುಸ್ತಕಗಳಲ್ಲಿ, ಭಜನೆಯ ಗಂಡಸರ ಬಾಯಲ್ಲಿ, ಅಷ್ಟೇ ಗಟ್ಟಿಯಾಗಿ ಅಡುಗೆಮನೆಯಲ್ಲಿ. ರಾಯಚೂರಿನ ಹಳೇ ಓಣಿಗಳ ಅಜ್ಜಿಯರ ಹತ್ತಿರ ಇವತ್ತಿಗೂ ಹಾಡಿನ ನೋಟ್‌ಬುಕ್ ಇರುತ್ತೆ. ಹರಿದ ರಟ್ಟು, ಎಣ್ಣೆಯ ಕಲೆ, ಮೊಮ್ಮಗಳ ಗಣಿತದ ಹಾಳೆಯ ಹಿಂದೆ ಬರೆದ ಸುಳಾದಿ. ತಾಯಿಯೊಬ್ಬಳು ಸಾಕಿದ ಹಾಡನ್ನ ಹತ್ತು ತಲೆಮಾರಿನ ಅಜ್ಜಿಯರು ಕೈಯಿಂದ ಕೈಗೆ ದಾಟಿಸಿದ್ದಾರೆ. ಹಾಡಿನಲ್ಲಿ ಗೋಪಾಲವಿಠಲನ ಹೆಸರು ಬಂದಾಗ ಕೈಮುಗೀತಾರೆ. ವೆಂಕಮ್ಮ ಯಾರು ಅಂತ ನಾನು ಕೇಳಿದಾಗ ಒಬ್ಬರು ಮಾತ್ರ 'ಅವರ ತಾಯಿ ಅಲ್ಲೇನವ್ವಾ, ಪಾಪ, ಭಾಳ ತ್ರಾಸ ಪಟ್ಟಾಕಿ' ಅಂದರು. 300 ವರ್ಷದ ಹಿಂದಿನವಳ ಬಗ್ಗೆ, ಪಕ್ಕದ ಮನೆಯವರ ಬಗ್ಗೆ ಹೇಳಿದ ಹಾಗೆ.

ಮುಂದಿನ ಎಪಿಸೋಡಿಗೆ ನನಗೆ ನಿಮ್ಮ ಅಜ್ಜಿಯರ ಧ್ವನಿ ಬೇಕು. ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಒತ್ತಿ, ಅವರಿಗೆ ಹೇಳಿಯೇ ಒತ್ತಿ. 'ನಿನ್ನ ಜೀವನದ ಬಗ್ಗೆ ಹೇಳು' ಅಂದ್ರೆ ಏನೂ ಹೇಳಲ್ಲ, 'ನಂದೇನದ' ಅಂತಾರೆ. ಹೊಲದ ಹೆಸರು ಕೇಳಿ. ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿರುತ್ತೆ, ಅದು ಪಹಣಿಯ ಸರ್ವೆ ನಂಬರಿನಲ್ಲಿ ಸಿಗಲ್ಲ. ನಮ್ಮಜ್ಜಿಗೆ ಕೊನೆಯ ವರ್ಷ ಮರೆವು ಹೆಚ್ಚಾಗಿತ್ತು, ನನ್ನನ್ನ ಅತ್ತಿ ಅಂದುಕೊಂಡು ಕರೀತಿದ್ಳು. ಆದ್ರೂ ದೇವದುರ್ಗದ ಆ ಹೊಲಗಳನ್ನ ಕೇಳಿದರೆ ಬೆರಳು ಮಡಚಿ ಹೇಳ್ತಿದ್ಳು. ಬೇವಿನಗಿಡದ ಹೊಲ. ಹಳ್ಳದ ದಂಡಿ ಹೊಲ. ಅವ್ವನ ಗುಡಿ ಮುಂದಿಂದು, ಸಣ್ಣದು, ಎರಡೆಕರೆ, ಅದರಾಗ ಜ್ವಾಳ ಭಾಳ ಚಲೋ ಬರ್ತಿತ್ತು.